ಜಗಳ ಎಲ್ಲಿಯದೋ, ಊರು ನಮ್ಮದು

ಗಂಜಾಂಗೆ ಹೋಗುವವರಲ್ಲಿ ಮುಕ್ಕಾಲು ಪಾಲು ನಿಮಿಷಾಂಬೆಯ ಭಕ್ತರು. ಹರಕೆ ಹೊತ್ತು ಬರುತ್ತಾರೆ, ಕಾವೇರಿಯಲ್ಲಿ ಕಾಲು ನೆನೆಸುತ್ತಾರೆ, ಕುಂಕುಮ ಇಟ್ಟುಕೊಂಡು ಬಸ್ಸು ಹತ್ತುತ್ತಾರೆ. ದರಿಯಾ ದೌಲತ್, ಗುಂಬಜ್, ಸಂಗಮ ನೋಡಿಬಿಟ್ಟರೆ ಶ್ರೀರಂಗಪಟ್ಟಣ ಮುಗಿಯಿತು ಎನ್ನುವುದು ಪ್ರವಾಸಿಗಳ ಲೆಕ್ಕ. ಈ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾದ ಊರು. ಟಿಪ್ಪು ಸಿರಾದಿಂದ ಸಾವಿರಾರು ಸಂಸಾರಗಳನ್ನು ಎಬ್ಬಿಸಿಕೊಂಡು ಬಂದು ಇಲ್ಲಿ ಕೂರಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಹಾಗೆ ನೋಡಿದರೆ ಗಂಜಾಂ ಮೊದಲಿನಿಂದಲೂ ಬೇರೆ ಕಡೆಯಿಂದ ಬಂದವರ ಊರೇ. ಇದೇ ಊರಿನಲ್ಲಿ ಇನ್ನೂರು ವರ್ಷ ದಾಟಿದ ಒಂದು ಚರ್ಚ್ ಇದೆ, ಅಬ್ಬೆ ದುಬುವಾ ಚರ್ಚ್. ನಿಮಿಷಾಂಬೆಗೆ ಹೋದವರು ಹತ್ತು ನಿಮಿಷ ಬಿಡುವು ಮಾಡಿಕೊಂಡು ಅದನ್ನೂ ನೋಡಬೇಕೆಂದು ನನ್ನ ಆಸೆ. ಕನ್ನಡ ನಾಡಿನ ಕ್ರೈಸ್ತರು ಎಷ್ಟು ಬಗೆಯವರು, ಅವರವರಲ್ಲೇ ಯಾಕಿಷ್ಟು ಮುನಿಸು ಎಂದು ಕೇಳುವವರಿಗೆ ಉತ್ತರ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು.

ದುಬುವಾ ಫ್ರೆಂಚ್ ಪಾದ್ರಿ. ತಾಯ್ನಾಡಿನಲ್ಲಿ ಕ್ರಾಂತಿ ಹೊತ್ತಿಕೊಂಡು ಪಾದ್ರಿಗಳ ತಲೆಗೇ ಕುತ್ತು ಬಂದಿದ್ದ ಕಾಲದಲ್ಲಿ, 1792ರಲ್ಲಿ, ಹಡಗು ಹತ್ತಿ ಇಂಡಿಯಾಕ್ಕೆ ಬಂದವರು. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿ ಆಗ ಒಡೆದು ಚೂರಾಗಿದ್ದ ಒಂದು ಸಮುದಾಯವಿತ್ತು. 1784ರಲ್ಲಿ ಕರಾವಳಿಯಿಂದ ಸಾವಿರಾರು ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ತರಲಾಗಿತ್ತು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮತ ಬಿಟ್ಟವರು, ಉಳಿದು ಊರಿಗೆ ಮರಳಿದವರು, ಮರಳಲಾಗದೆ ಇಲ್ಲೇ ಇದ್ದವರು. ಇಂಥವರನ್ನು ಮತ್ತೆ ಒಟ್ಟುಗೂಡಿಸಲು ಕ್ಯಾಥೊಲಿಕ್ ಪಾದ್ರಿಯೊಬ್ಬರಿಗೆ ಒತ್ತಾಸೆ ಸಿಕ್ಕಿದ್ದು ಪ್ರಾಟೆಸ್ಟೆಂಟ್ ಇಂಗ್ಲಿಷರಿಂದ. ಆಗ ಪಟ್ಟಣದ ಅಧಿಕಾರ ಆರ್ಥರ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಯುರೋಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ಪಂಗಡಗಳು ಕಾವೇರಿಯ ದ್ವೀಪದಲ್ಲಿ ಕೂಡಿ ಕೆಲಸ ಮಾಡಿದವು.

ದುಬುವಾ ಈ ನಾಡಿನ ಉಡುಗೆ ತೊಟ್ಟು, ಇಲ್ಲಿಯ ಊಟ ಉಂಡು ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ, 1803-04ರಲ್ಲಿ, 25,432 ಜನಕ್ಕೆ ಲಸಿಕೆ ಹಾಕಿಸಿದ ದಾಖಲೆ ಅವರ ಹೆಸರಿನಲ್ಲಿದೆ. ಹಾಸನದ ಕಡೆ ಸತ್ತಿಹಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟರು. ಹಿಂದೂಗಳ ನಡೆನುಡಿಯ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ಪಗೋಡ ಕೊಟ್ಟು ಕೊಂಡಿತು. ಅದರಲ್ಲಿನ ಅಭಿಪ್ರಾಯಗಳೆಲ್ಲ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ವರ್ಷಗಟ್ಟಲೆ ಜನರ ನಡುವೆ ಇದ್ದು ಬರೆದ ಪುಸ್ತಕ ಅದು, ಕೋಣೆಯಲ್ಲಿ ಕೂತು ಬರೆದದ್ದಲ್ಲ.

1823ರಲ್ಲಿ ದೇಶ ಬಿಟ್ಟು ಹೋದ ದುಬುವಾ ಅದೇ ವರ್ಷ ಲಂಡನ್ನಿನಲ್ಲಿ ಇಂಡಿಯಾದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳನ್ನು ಅಚ್ಚು ಹಾಕಿಸಿದರು. ಇಲ್ಲಿ ಕ್ರೈಸ್ತಮತ ಬೆಳೆಯುವ ಕಾಲ ಮುಗಿಯಿತು, ಬೈಬಲನ್ನು ಅನುವಾದ ಮಾಡಿ ಹಂಚುವ ಪ್ರಾಟೆಸ್ಟೆಂಟರ ಶ್ರಮವೆಲ್ಲ ವ್ಯರ್ಥ ಎಂಬುದು ಅವರ ವಾದ. ಮರುವರ್ಷವೇ ಕಂಪನಿಯ ಚಾಪ್ಲಿನ್ ಆಗಿದ್ದ ಜೇಮ್ಸ್ ಹಫ್ ಒಂದು ಪುಸ್ತಕ ಬರೆದು ಉತ್ತರ ಕೊಟ್ಟರು, ಬಂಗಾಳದ ಮಿಶನರಿ ಹೆನ್ರಿ ಟೌನ್ಲಿ ಇನ್ನೊಂದು ಬರೆದರು. ಶ್ರೀರಂಗಪಟ್ಟಣದಲ್ಲಿ ಕೂಡಿ ನಡೆದಿದ್ದ ಎರಡು ಪಂಗಡಗಳು ಲಂಡನ್ನಿನ ಅಚ್ಚುಕೂಟದಲ್ಲಿ ಎದುರುಬದುರಾದವು.

ಆ ಪತ್ರಗಳಲ್ಲಿ ನನ್ನ ಮನಸ್ಸಿಗೆ ನಾಟಿದ ಭಾಗ ಬೇರೆ. ತಮ್ಮದೇ ಕ್ಯಾಥೊಲಿಕ್ ಪಾದ್ರಿಗಳ ಒಳಜಗಳ ಈ ನಾಡಿನ ಸಭೆಗಳನ್ನು ಹೇಗೆ ಹಾಳುಮಾಡಿತು ಎಂದು ದುಬುವಾ ನೊಂದು ಬರೆಯುತ್ತಾರೆ. ಆ ಕಥೆ ಹೇಳಲು ಇನ್ನೂ ಹಿಂದಕ್ಕೆ ಹೋಗಬೇಕು. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ ಶುರುಮಾಡಿದಾಗ ಪಟ್ಟದಲ್ಲಿದ್ದವರು ರಣಧೀರ ಕಂಠೀರವ ನರಸರಾಜ ಒಡೆಯರು. ಮಧುರೆಯಲ್ಲಿ ಅದೇ ಸಂಘದ ಡಿ ನೊಬಿಲಿ ಹಾಕಿಕೊಟ್ಟ ದಾರಿ ಜೆಸ್ವಿಟರ ಮುಂದಿತ್ತು: ಸನ್ಯಾಸಿಯಂತೆ ಉಡು, ಮಾಂಸ ಮದ್ಯ ಮುಟ್ಟಬೇಡ, ಜನರ ಆಚಾರದಲ್ಲಿ ಬಿಡಬೇಕಾದ್ದನ್ನು ಮಾತ್ರ ಬಿಡಿಸು. ಪುದುಚೇರಿಯ ಕಪುಚಿನ್ ಪಾದ್ರಿಗಳಿಗೆ ಇದು ಸೇರಲಿಲ್ಲ. ರೋಮಿಗೆ ದೂರು ಹೋಯಿತು.

ಆ ದೂರಿನ ವಿವರಗಳನ್ನು ಇವತ್ತು ಓದಿದರೆ ಆಶ್ಚರ್ಯವಾಗುತ್ತದೆ. ದೀಕ್ಷಾಸ್ನಾನ ಕೊಡುವಾಗ ಪಾದ್ರಿ ತನ್ನ ಎಂಜಲನ್ನು ಬೆರಳಿಗೆ ತಗುಲಿಸಿ ಮಗುವಿನ ಕಿವಿ ಮೂಗು ಮುಟ್ಟುವ ಪದ್ಧತಿ ಯುರೋಪಿನಲ್ಲಿತ್ತು. ನಮ್ಮ ಜನಕ್ಕೆ ಎಂಜಲು ಎಂದರೆ ಹೇಗಾಗುತ್ತದೆಂದು ಬಲ್ಲ ಜೆಸ್ವಿಟರು ಅದನ್ನು ಕೈಬಿಟ್ಟಿದ್ದರು. ಅದು ತಪ್ಪಾಯಿತು. ಮದುವೆಯಲ್ಲಿ ತೆಂಗಿನಕಾಯಿ ಒಡೆಯುವುದು ತಪ್ಪು, ತಾಳಿಯ ಆಕಾರ ತಪ್ಪು, ಹಬ್ಬದ ಸ್ನಾನ ತಪ್ಪು. ಪೋಪರ ಪ್ರತಿನಿಧಿ ತೂರ್ನೋ 1704ರಲ್ಲಿ ಪುದುಚೇರಿಯಲ್ಲಿ ಕೂತು ನಿಷೇಧದ ಆಜ್ಞೆ ಹೊರಡಿಸಿದರು. ನಲವತ್ತು ವರ್ಷ ವಾದ, ಮೇಲ್ಮನವಿ, ಪ್ರತಿವಾದ ನಡೆದು 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಅಂತಿಮ ತೀರ್ಪು ಕೊಟ್ಟರು. ಎಂಜಲು ಮತ್ತು ತೆಂಗಿನಕಾಯಿಯ ವಿಷಯದಲ್ಲಿ ನಾನು ಜೆಸ್ವಿಟರ ಕಡೆ. ಆದರೆ ಆ ದೂರಿನಲ್ಲಿ ಇನ್ನೊಂದು ಅಂಶವೂ ಇತ್ತು. ಸನ್ಯಾಸಿ ವೇಷದ ಪಾದ್ರಿಗಳು ಮೇಲುಜಾತಿಯವರ ಮುನಿಸಿಗೆ ಹೆದರಿ ಹೊಲಗೇರಿಯ ಗುಡಿಸಲೊಳಗೆ ಕಾಲಿಡುತ್ತಿರಲಿಲ್ಲ, ಸಾಯುತ್ತಿರುವವನನ್ನೂ ಹೊರಗೆ ಹೊತ್ತು ತರಬೇಕಾಗಿತ್ತು. ಅಲ್ಲಿ ನ್ಯಾಯ ದೂರು ಕೊಟ್ಟವರ ಕಡೆಗಿತ್ತು. ಮನಸ್ಸು ಮಾಡಿದ್ದರೆ ಎರಡು ಪಂಗಡವೂ ಒಬ್ಬರಿಂದ ಒಬ್ಬರು ಕಲಿಯಬಹುದಿತ್ತು. ಕಲಿಯಲಿಲ್ಲ. 1773ರಲ್ಲಿ ಪೋಪರೇ ಜೆಸ್ವಿಟ್ ಸಂಘವನ್ನು ಮುಚ್ಚಿಸಿದರು, ಮೈಸೂರು ಮಿಶನ್ ಪ್ಯಾರಿಸ್ಸಿನ ಪಾದ್ರಿಗಳ ಕೈಗೆ ಬಂತು. ದುಬುವಾ ಆ ಸಾಲಿನವರು.

ಪ್ಯಾರಿಸ್ ಎಂದಾಗ ಪಕ್ಕದ ಪಾಂಡವಪುರ ನೆನಪಾಗುತ್ತದೆ. ಇಂಗ್ಲಿಷರ ನಕ್ಷೆಗಳಲ್ಲಿ ಅದು ಫ್ರೆಂಚ್ ರಾಕ್ಸ್, ಹಳೆಯ ಜನಕ್ಕೆ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಅಲ್ಲಿಯ ಬಂಡೆಗಳ ಬುಡದಲ್ಲಿ ಬಿಡಾರ ಹೂಡಿದ್ದರು. 1797ರಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ಕ್ರಾಂತಿಯ ಜಯಕಾರ ಹಾಕಿ, ಸ್ವಾತಂತ್ರ್ಯದ ಮರ ನೆಟ್ಟು, ಜಾಕೊಬಿನ್ ಕ್ಲಬ್ ಕಟ್ಟಿದರು. ಎರಡೇ ವರ್ಷದ ನಂತರ ಅದೇ ಕ್ರಾಂತಿಗೆ ಬೆನ್ನು ತಿರುಗಿಸಿ ಬಂದಿದ್ದ ಫ್ರೆಂಚ್ ಪಾದ್ರಿ ಅದೇ ಊರಿನಲ್ಲಿ ಪೂಜೆಗೆ ನಿಂತರು. ಪಾಂಡವಪುರ ತಾಲ್ಲೂಕಿನಲ್ಲೇ ಮೇಲುಕೋಟೆಯೂ ಇದೆ. ಶ್ರೀವೈಷ್ಣವರ ತೆಂಗಲೆ ವಡಗಲೆ ನಾಮದ ಜಗಳಗಳು ಕಂಚಿಯಿಂದ ಇಲ್ಲಿಯವರೆಗೆ ಎಷ್ಟು ಕೋರ್ಟು ಹತ್ತಿವೆ ಎಂದು ಬಲ್ಲವರಿಗೆ ಕಪುಚಿನ್ ಮತ್ತು ಜೆಸ್ವಿಟರ ಕಥೆ ಪರಕೀಯ ಅನ್ನಿಸುವುದಿಲ್ಲ. ಒಂದೇ ದೇವರು, ಒಂದೇ ಮೂಲದ ಆಚಾರ್ಯಪರಂಪರೆ, ಹಣೆಯ ಗೆರೆಯ ಬುಡ ಬೇರೆ. ಕ್ರೈಸ್ತರ ಒಡಕನ್ನು ಕುರಿತು ಹೊರಗಿನವರು ನಗುವಂತಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಪ್ರಾಟೆಸ್ಟೆಂಟರ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅವರು ನಡುವೆ ಒಂದು ಜಾಣತನ ಮಾಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಮಿಶನ್‌ಗಳು ಒಬ್ಬರ ಹೊಲಕ್ಕೆ ಒಬ್ಬರು ಕೈಹಾಕಬಾರದೆಂದು ಸೀಮೆ ಹಂಚಿಕೊಂಡವು. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಶನ್; ಬಳ್ಳಾರಿಯಲ್ಲಿ ಲಂಡನ್ ಮಿಶನ್; ಮೈಸೂರು, ಹಾಸನ, ತುಮಕೂರಿನಲ್ಲಿ ವೆಸ್ಲಿಯನ್ ಮಿಶನ್; ಬೀದರ್, ಕೋಲಾರದಲ್ಲಿ ಅಮೆರಿಕದ ಮೆಥೊಡಿಸ್ಟರು. ಹೀಗಾಗಿ ಮಂಡ್ಯದ ಸೀಮೆಯ ಒಬ್ಬ ರೈತ ವೆಸ್ಲಿಯನ್ ಆಗಿದ್ದು ವೆಸ್ಲಿಯ ಉಪದೇಶವನ್ನು ತೂಗಿನೋಡಿ ಒಪ್ಪಿದ್ದರಿಂದಲ್ಲ, ಅವನ ಊರು ಮೈಸೂರು ಸಂಸ್ಥಾನದ ಆ ಭಾಗದಲ್ಲಿದ್ದದ್ದರಿಂದ. ಸ್ವಾತಂತ್ರ್ಯ ಬಂದ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ಆಂಗ್ಲಿಕನ್ನರು, ದಕ್ಷಿಣ ಭಾರತದ ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲಿಸ್ಟರು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಎಂದರೆ ಸಿಎಸ್‌ಐ ಆದರು. ಬಿಷಪ್ಪರುಳ್ಳ ಸಭೆಯೂ ಬಿಷಪ್ಪರನ್ನು ಒಲ್ಲದ ಸಭೆಯೂ ಒಂದಾದದ್ದು ಆಗ ಜಗತ್ತಿಗೇ ಹೊಸದು. ಲುಥೆರನ್ನರು, ಬ್ಯಾಪ್ಟಿಸ್ಟರು, ಅಮೆರಿಕದ ಮೆಥೊಡಿಸ್ಟರು ಹೊರಗೇ ಉಳಿದರು. ಆದರೂ ಈ ನೆಲದಲ್ಲಿ ಒಂದಾಗುವುದು ಸಾಧ್ಯ ಎನ್ನುವುದಕ್ಕೆ ಅದೇ ದೊಡ್ಡ ಸಾಕ್ಷಿ.

ಕ್ಯಾಥೊಲಿಕರಲ್ಲಿ ಮಾತ್ರ ಹೊಸ ಒಡಕುಗಳು ಹೊಸ ದಾರಿಯಿಂದ ಬಂದವು. ಎರಡನೆಯ ವ್ಯಾಟಿಕನ್ ಸಭೆ 1962ರಿಂದ 1965ರವರೆಗೆ ನಡೆಯಿತು. ಅದುವರೆಗೆ ಪೂಜೆ ಲ್ಯಾಟಿನ್ನಿನಲ್ಲಿ. ಗಂಜಾಂನ ಒಕ್ಕಲಿಗೂ ತಿಳಿಯದು, ಬೆಂಗಳೂರಿನ ತಮಿಳು ಕೂಲಿಗೂ ತಿಳಿಯದು, ಮಂಗಳೂರಿನ ಕೊಂಕಣಿಗೂ ತಿಳಿಯದು. ಜನರ ಭಾಷೆಯಲ್ಲಿ ಪೂಜೆ ನಡೆಯಲಿ ಎಂದು ಸಭೆ ಹೇಳಿತು. ಒಳ್ಳೆಯ ಮಾತು. ಆದರೆ ಬೆಂಗಳೂರಿನಲ್ಲಿ ಜನರ ಭಾಷೆ ಯಾವುದು? ಕನ್ನಡಿಗರು ನಾಡಿನ ಭಾಷೆ ಎಂದರು. ದಂಡುಪ್ರದೇಶದಲ್ಲಿ ತಲೆಮಾರುಗಳಿಂದ ಬದುಕಿದ್ದ ತಮಿಳರು ನಮ್ಮ ಬೆವರಿನಿಂದ ಕಟ್ಟಿದ ಚರ್ಚು ಎಂದರು. ಕೊಂಕಣಿಯವರು ತಮ್ಮ ಪಾಲು ಕೇಳಿದರು. ಭಾನುವಾರದ ಯಾವ ಹೊತ್ತಿನ ಪೂಜೆ ಯಾವ ಭಾಷೆಯಲ್ಲಿ, ಮುಂದಿನ ಬಿಷಪ್ಪರು ಯಾವ ಭಾಷೆಯವರು ಎಂದು ದಶಕಗಳ ಕಾಲ ಧರಣಿ, ಘೋಷಣೆ, ತಳ್ಳಾಟ ನಡೆದವು. 2013ರ ಈಸ್ಟರ್ ರಾತ್ರಿ ಮಲ್ಲೇಶ್ವರದ ಸೇಂಟ್ ಪೀಟರ್ಸ್ ಸೆಮಿನರಿಯ ರೆಕ್ಟರ್ ಕೊಲೆಯಾದರು. ಮರುವರ್ಷ ಪೊಲೀಸರು ಬಂಧಿಸಿದವರಲ್ಲಿ ಪಾದ್ರಿಗಳೂ ಇದ್ದರು. ಅಪರಾಧ ಯಾರದೆಂದು ಹೇಳಬೇಕಾದ್ದು ನ್ಯಾಯಾಲಯ. ಆದರೆ ಆ ಸುದ್ದಿ ಬಂದ ದಿನ ಭಾಷೆಯ ಜಗಳವೇ ಕಾರಣವಿರಬಹುದೆಂದು ಎಷ್ಟೋ ಜನಕ್ಕೆ ಒಮ್ಮೆಲೇ ಹೊಳೆಯಿತಲ್ಲ, ಅಷ್ಟು ಕಹಿ ಆಗಲೇ ತುಂಬಿತ್ತು. ನಾನು ಕನ್ನಡದ ಪಕ್ಷದವನು. ಕನ್ನಡ ನೆಲದ ಚರ್ಚಿನಲ್ಲಿ ಕನ್ನಡಕ್ಕೆ ಮೊದಲ ಮಣೆ ಸಿಗಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದೇವರ ಮುಂದೆ ಮೊಣಕಾಲೂರಿದ ಒಬ್ಬ ಮುದುಕಿಯನ್ನು ತಮಿಳಿನಲ್ಲಿ ಪ್ರಾರ್ಥಿಸಿದಳೆಂದು ಎಬ್ಬಿಸುವುದಾದರೆ ಅದು ಕನ್ನಡದ ಕೆಲಸ ಖಂಡಿತ ಅಲ್ಲ.

ಇನ್ನು ಮಂಡ್ಯದ್ದೇ ಕಥೆ. ಮಂಡ್ಯಕ್ಕೆ ಒಬ್ಬ ಬಿಷಪ್ ಇದ್ದಾರೆ ಎಂದರೆ ಎಷ್ಟೋ ಮಂಡ್ಯದವರೇ ನಂಬುವುದಿಲ್ಲ. 2010ರ ಜನವರಿ 18ರಂದು ಪೋಪರು ಮಂಡ್ಯ ಧರ್ಮಪ್ರಾಂತ್ಯವನ್ನು ಘೋಷಿಸಿದರು. ಅದು ಸಿರೋ ಮಲಬಾರ್ ಸಭೆಯದು, ಎಂದರೆ ಸಂತ ತೋಮಸರ ಪರಂಪರೆ ಹೇಳಿಕೊಳ್ಳುವ ಕೇರಳದ ಕ್ಯಾಥೊಲಿಕರದು. ಇದೇ ನೆಲ ಲ್ಯಾಟಿನ್ ವಿಧಿಯ ಮೈಸೂರು ಧರ್ಮಪ್ರಾಂತ್ಯಕ್ಕೂ ಸೇರಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಮೇಲೆ ಒಂದೇ ಪೋಪರಿಗೆ ನಡೆದುಕೊಳ್ಳುವ ಇಬ್ಬರು ಕ್ಯಾಥೊಲಿಕ್ ಬಿಷಪ್ಪರ ಅಧಿಕಾರ ಹರಡಿಕೊಂಡಿದೆ. ಅದೇ ತಿಂಗಳು ಪುತ್ತೂರಿನಲ್ಲಿ ಕೇರಳದ್ದೇ ಇನ್ನೊಂದು ಕ್ಯಾಥೊಲಿಕ್ ಸಭೆಯಾದ ಸಿರೋ ಮಲಂಕರದ ಮೂರನೆಯ ವ್ಯವಸ್ಥೆಯೂ ಬಂತು. ಮಂಡ್ಯದ ಸೀಮೆಯನ್ನು 2015ರಲ್ಲಿ ಬೆಂಗಳೂರಿನವರೆಗೆ ಹಿಗ್ಗಿಸಿದರು. ಬೆಳ್ಳೂರು ಕ್ರಾಸಿನ ಬಳಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜಿಗೆ ಕೇರಳದಿಂದ ಓದಲು ಬಂದ ಹುಡುಗಿ ಯಾರ ಕುರಿಮಂದೆಗೆ ಸೇರಿದವಳು, ಅವಳ ಮದುವೆಯ ಕಾಗದಕ್ಕೆ ಯಾರು ಸಹಿ ಮಾಡಬೇಕು ಎಂಬುದು ಈ ವ್ಯವಸ್ಥೆಗಳ ನಡುವೆ ತೀರ್ಮಾನವಾಗಬೇಕಾದ ಪ್ರಶ್ನೆ.

ಇದರ ಮೇಲೆ ಕೊಚ್ಚಿಯ ಗಾಳಿ. ಪೂಜೆ ಮಾಡುವ ಪಾದ್ರಿ ಜನರ ಕಡೆ ಮುಖ ಮಾಡಬೇಕೋ ಪೂಜಾವೇದಿಯ ಕಡೆಗೋ ಎಂದು ಸಿರೋ ಮಲಬಾರ್ ಸಭೆಯಲ್ಲಿ ದೀರ್ಘಕಾಲದ ತಕರಾರಿದೆ. ಅರ್ಧ ಪೂಜೆ ಹೀಗೆ, ಅರ್ಧ ಹಾಗೆ ಎಂದು 2021ರಲ್ಲಿ ಅವರ ಸಿನೊಡ್ ತೀರ್ಮಾನಿಸಿತು. ಎರ್ನಾಕುಲಂ–ಅಂಗಮಾಲಿ ಮಹಾಧರ್ಮಪ್ರಾಂತ್ಯದ ಹೆಚ್ಚಿನ ಪಾದ್ರಿಗಳು ಒಪ್ಪಲಿಲ್ಲ. ಪ್ರಧಾನ ಚರ್ಚಿಗೆ ಬೀಗ ಬಿತ್ತು. 2022ರ ಕ್ರಿಸ್ಮಸ್ ಮುನ್ನಾದಿನಗಳಲ್ಲಿ ಪೂಜಾವೇದಿಯ ಸುತ್ತ ಕೈಕೈ ಮಿಲಾಯಿಸಿದರು. ಅದಕ್ಕೂ ಮೊದಲೇ ಈ ಬಿರುಗಾಳಿಗೆ ಸಿಕ್ಕಿಕೊಂಡ ಆರ್ಚ್‌ಬಿಷಪ್ ಆಂಟನಿ ಕರಿಯಿಲ್ 2022ರ ಜುಲೈಯಲ್ಲಿ ರಾಜೀನಾಮೆ ಕೊಡಬೇಕಾಗಿತ್ತು. ಅವರು ಯಾರು? 2015ರಿಂದ 2019ರವರೆಗೆ ನಮ್ಮ ಮಂಡ್ಯದ ಬಿಷಪ್ಪರಾಗಿದ್ದವರು. 2019ರಲ್ಲಿ ಅವರನ್ನು ಅಲ್ಲಿಗೆ ಕಳಿಸಿದಾಗ, ಅದೇ ಎರ್ನಾಕುಲಂನ ಸಹಾಯಕ ಬಿಷಪ್ಪರಾಗಿದ್ದ ಸೆಬಾಸ್ಟಿಯನ್ ಅಡಯಂತ್ರತ್ ಅವರನ್ನು ಮಂಡ್ಯಕ್ಕೆ ತಂದರು. ಕಬ್ಬಿನ ಗದ್ದೆಗಳ ನಡುವಿನ ಈ ಪುಟ್ಟ ಧರ್ಮಪ್ರಾಂತ್ಯ ಪೆರಿಯಾರ್ ದಡದ ಜಗಳದಲ್ಲಿ ಹೀಗೆ ಸಿಕ್ಕಿಕೊಂಡಿತು. ಇಲ್ಲಿಯ ಕನ್ನಡ ಕ್ರೈಸ್ತನಿಗೆ ಪಾದ್ರಿಯ ಮುಖದ ದಿಕ್ಕಿನ ಪ್ರಶ್ನೆ ಎಂದೂ ಎದ್ದಿರಲಿಲ್ಲ. ಪುದುಚೇರಿ, ರೋಮ್, ಲಂಡನ್, ಕೊಚ್ಚಿ ಎಲ್ಲಿ ಮುನಿಸು ಹುಟ್ಟಿದರೂ ಪಾಲು ಮಾತ್ರ ನಮ್ಮೂರ ಮನೆಗೆ ಬರುತ್ತದೆ. ನನ್ನ ಸಂಕಟ ಇದು.

ಈಗ ದೊಡ್ಡ ಸಭೆಗಳ ಮುನಿಸೆಲ್ಲ ತಿರುಗಿರುವುದು ಪೆಂಟೆಕೋಸ್ಟ್ ಕೂಟಗಳ ಕಡೆಗೆ. ಕೆ.ಆರ್. ಪೇಟೆಯಂಥ ಊರಿನಲ್ಲಿ ಅಂಥ ಕೂಟಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ. ಬಾಡಿಗೆ ಮನೆಯ ನಡುಮನೆ, ಒಂದು ಡೋಲಕ್, ಹತ್ತಿಪ್ಪತ್ತು ಜನ. ಶಿಶುವಾಗಿದ್ದಾಗ ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲವೆಂದು ಅವರು ದೊಡ್ಡವರಿಗೆ ಮತ್ತೆ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತಾರೆ. ಇದು ರೋಮನ್ ಕ್ಯಾಥೊಲಿಕ್ (ಆರ್‌ಸಿ) ಮತ್ತು ಸಿಎಸ್‌ಐ ಕುಟುಂಬಗಳಿಗೆ ಸಹಿಸಲಾಗದ ನೋವು. ಅಜ್ಜ, ಅಪ್ಪ ಪಡೆದ ದೀಕ್ಷೆಯನ್ನೇ ಸುಳ್ಳೆಂದಂತಾಗುತ್ತದೆ. ಆ ನೋವು ನನಗೆ ಅರ್ಥವಾಗುತ್ತದೆ. ಮರಿಯಮಾತೆಯ ಪ್ರತಿಮೆಯನ್ನು ವಿಗ್ರಹವೆಂದು ಜರೆಯುವ ಪಾಸ್ಟರುಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ಇದಕ್ಕೆ ಉತ್ತರವಾಗಿ ದೊಡ್ಡ ಸಭೆಗಳವರು ಅವರನ್ನು ಅಲ್ಲೇಲೂಯದವರು ಎಂದು ತಳ್ಳಿಹಾಕಿ, ಎಲ್ಲ ಗಲಾಟೆಗೂ ಅವರೇ ಕಾರಣ ಎಂದು ಪೊಲೀಸರ ಮುಂದೆ, ಪತ್ರಿಕೆಯವರ ಮುಂದೆ ಹೇಳುವುದಿದೆಯಲ್ಲ, ಅದು ತಪ್ಪು. ಅದರಿಂದ ಯಾರಿಗೂ ರಕ್ಷಣೆ ಸಿಕ್ಕಿಲ್ಲ.

ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದ 2008ರ ಸೆಪ್ಟೆಂಬರ್ 14ನ್ನು ನೆನೆಯಿರಿ. ಮತಾಂತರದ ಆರೋಪವಿದ್ದದ್ದು ನ್ಯೂ ಲೈಫ್ ಎಂಬ ಸಂಘದ ಮೇಲೆ. ದಾಳಿಗೆ ಸಿಕ್ಕಿದ್ದರಲ್ಲಿ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠವೂ ಒಂದು. ಅಲ್ಲಿರುವವರು ಗೋಡೆಯ ಆಚೆ ಬಾರದೆ ದಿನವೆಲ್ಲ ಮೌನವಾಗಿ ಪ್ರಾರ್ಥಿಸುವ ಕ್ಲಾರಾ ಸಂನ್ಯಾಸಿನಿಯರು. ಅವರಿಂದ ಯಾರ ಮತಾಂತರ ಸಾಧ್ಯ? 2021ರ ಡಿಸೆಂಬರಿನಲ್ಲಿ, ವಿಧಾನಸಭೆಯಲ್ಲಿ ಮತಾಂತರ ತಡೆ ಮಸೂದೆ ಅಂಗೀಕಾರವಾದ ದಿನಗಳಲ್ಲೇ, ನಮ್ಮ ಪಾಂಡವಪುರದ ನಿರ್ಮಲ ಶಾಲೆಗೆ ಒಂದು ಗುಂಪು ನುಗ್ಗಿ ಮಕ್ಕಳ ಕ್ರಿಸ್ಮಸ್ ಆಚರಣೆಯನ್ನು ಪ್ರಶ್ನಿಸಿತು. ಊರ ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆ ಅದು, ಪೆಂಟೆಕೋಸ್ಟ್ ಕೂಟವಲ್ಲ. ನಾವು ಅಂಥವರಲ್ಲ ಎಂಬ ದೊಡ್ಡ ಸಭೆಗಳ ಸಮಜಾಯಿಷಿಯನ್ನು ಬಾಗಿಲು ತಳ್ಳಿ ಬಂದವರು ಕೇಳಿಸಿಕೊಳ್ಳಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವಾಗ ಇನ್ನೊಂದು ಬಗೆಯ ಗದ್ದಲವಾಯಿತು. ಜಾತಿ ಪಟ್ಟಿಯಲ್ಲಿ ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್ ಎಂಬಂಥ ಹೆಸರುಗಳು ಕಂಡವು. ಮಂಡ್ಯದಂಥ ಒಕ್ಕಲಿಗರ ಸೀಮೆಯಲ್ಲಿ ಇದು ಚರ್ಚೆಯಾಗದೆ ಇರುತ್ತದೆಯೆ? ವಿರೋಧ ಬಂದ ಮೇಲೆ ಅಂಥ ಹಲವು ಹೆಸರುಗಳನ್ನು ಪಟ್ಟಿಯಿಂದ ಮರೆಮಾಡಿದರು. ಕ್ರೈಸ್ತರಲ್ಲಿ ಜಾತಿಯಿಲ್ಲ ಎನ್ನುವವರೂ, ಜಾತಿ ಬಿಟ್ಟು ಹೋದಮೇಲೆ ಹೆಸರೇಕೆ ಎನ್ನುವವರೂ ಒಂದು ಮಾತನ್ನು ಮುಟ್ಟಲಿಲ್ಲ. ದಲಿತ ಕ್ರೈಸ್ತನಿಗೆ ಪರಿಶಿಷ್ಟ ಜಾತಿಯ ಮೀಸಲಾತಿಯೂ ಇಲ್ಲ, ಹಳೆಯ ಚರ್ಚುಗಳ ಮುಂದಿನ ಬೆಂಚಿನಲ್ಲಿ ಬಹುಕಾಲ ಜಾಗವೂ ಇರಲಿಲ್ಲ. ಜೆಸ್ವಿಟರು ಕಾಲಿಡದ ಆ ಗುಡಿಸಲಿನ ಮಕ್ಕಳೇ ಇವತ್ತು ಬಾಡಿಗೆ ಮನೆಯ ಪ್ರಾರ್ಥನಾ ಕೂಟಗಳಲ್ಲಿ ಹೆಚ್ಚಾಗಿ ಕಾಣುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕರೆದು ಪಕ್ಕದಲ್ಲಿ ಕೂರಿಸಿಕೊಂಡ ಕಡೆಗೆ ಮನುಷ್ಯ ಹೋಗುತ್ತಾನೆ.

ಮೇಲಿನ ಮಟ್ಟದಲ್ಲಿ ಒಗ್ಗಟ್ಟಿನ ಪ್ರಯತ್ನ ಇಲ್ಲವೆಂದಲ್ಲ. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಅವರ ಮುಂದಾಳುತನದಲ್ಲಿ ಹಲವು ಸಭೆಗಳು ಒಂದೇ ವೇದಿಕೆಗೆ ಬಂದು ಮತಾಂತರ ತಡೆ ಮಸೂದೆಯನ್ನು ವಿರೋಧಿಸಿದವು. ಆದರೆ ತಾಲ್ಲೂಕು ಮಟ್ಟದಲ್ಲಿ, ಸಾವು ಬಂದ ಮನೆಯಲ್ಲಿ, ಆ ವೇದಿಕೆ ಇರುವುದಿಲ್ಲ. ಸಮಾಧಿಭೂಮಿ ಇರುವ ಸಭೆಗಳು ಸಾಮಾನ್ಯವಾಗಿ ತಮ್ಮ ಪಟ್ಟಿಯಲ್ಲಿರುವವರಿಗೆ ಮಾತ್ರ ಜಾಗ ಕೊಡುತ್ತವೆ. ಚಿಕ್ಕ ಕೂಟದವನು ಸತ್ತರೆ ಹೆಣ ಇಟ್ಟುಕೊಂಡು ಮನೆಯವರು ಆರ್‌ಸಿ ಪಾದ್ರಿಯ ಹತ್ತಿರ, ಸಿಎಸ್‌ಐ ಕಮಿಟಿಯ ಹತ್ತಿರ, ಕೊನೆ‌ಗೆ ತಹಸೀಲ್ದಾರರ ಹತ್ತಿರ ಅಲೆಯಬೇಕು.

ಈ ನಾಲ್ಕು ತಾಲ್ಲೂಕಿನ ಲ್ಯಾಟಿನ್ ವಿಧಿಯ ಕ್ಯಾಥೊಲಿಕ್, ಸಿರೋ ಮಲಬಾರ್ ಮತ್ತು ಸಿಎಸ್‌ಐ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಪಾದ್ರಿಯ ಮುಖ ಯಾವ ಕಡೆಗಿರಬೇಕು, ದೀಕ್ಷೆಗೆ ನೀರು ಎಷ್ಟು ಬೇಕು ಎಂಬ ವಾದಗಳನ್ನು ನಿಮ್ಮ ಪಂಡಿತರು ನಡೆಸಿಕೊಳ್ಳಲಿ. ನೀವು ಒಂದು ಕಡೆ ಕೂತು ಎರಡು ವಿಷಯ ತೀರ್ಮಾನ ಮಾಡಿ. ಕ್ರೈಸ್ತನೆಂದು ಹೇಳಿಕೊಂಡು ಸತ್ತ ಯಾರಿಗೇ ಆಗಲಿ ನಿಮ್ಮ ಸಮಾಧಿಭೂಮಿಯಲ್ಲಿ ಆರಡಿ ಜಾಗ ಕೊಡಿ. ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ಒಂದು ಬಾಡಿಗೆ ಮನೆಯ ಕೂಟಕ್ಕೆ ತೊಂದರೆಯಾದ ದಿನ, ಅವರು ನಮ್ಮವರಲ್ಲ ಎಂದು ಹೇಳಿಕೆ ಕೊಡುವ ಮೊದಲು, ನಿಮ್ಮಲ್ಲಿ ನಾಲ್ಕು ಜನ ಹೋಗಿ ಆ ಮನೆಯ ಬಾಗಿಲಲ್ಲಿ ನಿಂತುಕೊಳ್ಳಿ.